ಅಗ್ಗದ ಬೋರ್ಡು, ಓಟದ ಆಸೆ

ತಿಗನಾರೆಯಂಥ ಹಳ್ಳಿಯ ಬೆಟ್ಟದ ತಂಪಿಗೆ ಕಂಪ್ಯೂಟರ್‌ಗೆ ಫ್ಯಾನ್ ಯಾಕೆ ಎನ್ನುವವರುಂಟು. ಅದನ್ನು ನಿಗದಿಗಿಂತ ವೇಗವಾಗಿ ಓಡಿಸುವ ಓವರ್‌ಕ್ಲಾಕ್ ಹುಚ್ಚು ಹತ್ತಿದವನಿಗೆ ಎರಡಿದ್ದರೂ ಸಾಲದು.

ಈ ಹುಚ್ಚಿನ ಕುಲದೇವರು 1998ರ ಸೆಲೆರಾನ್ 300ಎ ಪ್ರೊಸೆಸರ್. ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ಪು 450ಕ್ಕೆ ಓಡುತ್ತಿತ್ತು. ಅಗ್ಗದ ಹೋರಿ ಜಾತ್ರೆಯಲ್ಲಿ ಬಹುಮಾನ ಹೊಡೆದಂತೆ!

ಈಗ ಕಾಲ ಬಿಗಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಎ520 ಮದರ್‌ಬೋರ್ಡ್ ತಂದವನಿಗೆ ಪ್ರೊಸೆಸರ್ ಏರಿಸುವ ಬಾಗಿಲೇ ಬಂದ್. ಬಿ450 ಆದರೆ ತೆರೆದಿರುತ್ತದೆ. ರ‍್ಯಾಮ್‌ನದು ಇನ್ನೂ ತಮಾಷೆ: ಪೆಟ್ಟಿಗೆ ಮೇಲೆ 3200 ಎಂದಿದ್ದರೂ, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡುವ ತನಕ ಎಷ್ಟೋ ಕಡ್ಡಿಗಳು 2133ರಲ್ಲೇ ತೂಕಡಿಸುತ್ತವೆ.

ಆಸೆ ಅತಿಯಾದರೆ ಪರದೆ ಕಪ್ಪು. ಆಗ ಒಂದು ರೂಪಾಯಿ ನಾಣ್ಯದಂಥ ಸಿಆರ್2032 ಬ್ಯಾಟರಿ ಕಿತ್ತು, ಐದು ನಿಮಿಷ ಕಾದು, ಮತ್ತೆ ಕೂರಿಸಬೇಕು. ಅಷ್ಟರಲ್ಲಿ ಜಗುಲಿಯಿಂದ ಅಜ್ಜಿ: "ನೆಟ್ಟಗಿದ್ದುದ್ನ ಯಾಕ್ಲಾ ಮೊಗ ಬಿಚ್ಚುದೆ?"