‘ಅಯ್ಯೋ ಪಾಪ’: ಕೊತ್ತಗೆರೆ ಪ್ರಯೋಗದ ಒಂದು ಶಾಸ್ತ್ರೀಯ ವಿವೇಚನೆ

ಇಂಗ್ಲಿಷಿನವರು ‘ಸಿಂಪಥೈಸ್’ ಎಂಬ ಕ್ರಿಯಾಪದವನ್ನು ಗ್ರೀಕರಿಂದ ತಂದರು. ‘ಜೊತೆ’ ಮತ್ತು ‘ನೋವು’ ಎಂಬ ಎರಡು ಮಾತು ಬೆಸೆದು ಆದದ್ದು ಅದು. ಅಲ್ಲಿ ಮರುಗುವವನೇ ಕರ್ತೃ. ಕನ್ನಡದ ಜಾಣತನ ಬೇರೆ. ‘ನನಗೆ ಕನಿಕರ ಬಂತು’ ಎಂಬಲ್ಲಿ ಕನಿಕರವೇ ಕರ್ತೃ, ಮನುಷ್ಯ ಬರೀ ಚತುರ್ಥಿ ವಿಭಕ್ತಿ. ಜ್ವರ, ನಿದ್ದೆ, ಆಕಳಿಕೆ ಬರುವ ವ್ಯಾಕರಣದಲ್ಲೇ ಅದೂ ಬರುತ್ತದೆ, ಹೋಗುತ್ತದೆ. ಯಾರೂ ಜವಾಬ್ದಾರರಲ್ಲ. ಈ ಶಾಸ್ತ್ರಕ್ಕೆ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯ ಕೊಡುಗೆಯನ್ನು ವಿದ್ವತ್ ಲೋಕ ಕಡೆಗಣಿಸಿರುವುದರಿಂದ ಈ ಪ್ರಬಂಧ ಅನಿವಾರ್ಯವಾಯಿತು.

ಮೊದಲು ಧ್ವನಿವಿಚಾರ. ನಾಲಿಗೆಯ ತುದಿಯನ್ನು ಮೇಲುಹಲ್ಲಿನ ಹಿಂದೆ ಒತ್ತಿ ಸೆಳೆದು ಬಿಟ್ಟರೆ ಹೊರಡುವ ಲೊಚಗುಟ್ಟುವ ಸದ್ದು ವರ್ಣಮಾಲೆಯ 49 ಅಕ್ಷರಗಳಲ್ಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದಾಗಲೂ ಇದಕ್ಕೊಂದು ಅಚ್ಚುಮೊಳೆ ಇರಲಿಲ್ಲ. ದಕ್ಷಿಣ ಆಫ್ರಿಕಾದ ಝೋಸಾ ಭಾಷೆಯಲ್ಲಾದರೋ ಇದು ಮರ್ಯಾದಸ್ಥ ವ್ಯಂಜನ. ರೋಮನ್ ಲಿಪಿಯ ‘ಸಿ’ಯಿಂದ ಬರೆಯುತ್ತಾರೆ. ಕೊತ್ತಗೆರೆಯಲ್ಲಿ ಹಾಲು ಒಡೆದರೆ ಒಂದು ಲೊಚ, ಬಸ್ಸು ತಪ್ಪಿದರೆ ಎರಡು. ತೆಂಗಿನಕಾಯಿ ಬೆಲೆ ಬಿದ್ದರೆ ಲೆಕ್ಕ ಇಡುವವರಿಲ್ಲ.

ಇನ್ನು ‘ಪಾಪ’. ಸಂಸ್ಕೃತ ಇದನ್ನು ಮಾಡಿದವನ ತಲೆಗೆ ಕಟ್ಟಿತ್ತು. ಕನ್ನಡ ಅನುಭವಿಸುವವನ ಹೆಸರಿಗೆ ವರ್ಗಾಯಿಸಿತು. ವರ್ಗಾವಣೆ ಆದೇಶದ ಪ್ರತಿ ಕಡತದಲ್ಲಿಲ್ಲ.

ಉತ್ತಮ ಪುರುಷದಲ್ಲಿ ಈ ಪದ ನಡೆಯದು; ‘ನಾನು ಪಾಪ’ ಎಂದವನಿಗೆ ಯಾರೂ ಪಾಪ ಅನ್ನುವುದಿಲ್ಲ. ಮಧ್ಯಮ ಪುರುಷದಲ್ಲಿ ಅದು ಬುದ್ಧಿವಾದವಾಗಿ ಬಿಡುತ್ತದೆ: ‘ಅಯ್ಯೋ, ಬಿದ್ಬುಟ್ಯಾ? ಆ ಗಾಡಿ ತಗಾಬ್ಯಾಡ ಅಂತ ಅವತ್ತೇ ಯೋಳಿದ್ನಲ್ಲ!’ ಪೂರ್ಣ ವೈಭವ ಇರುವುದು ಪ್ರಥಮ ಪುರುಷದಲ್ಲಿ, ಅದರಲ್ಲೂ ಆ ಪುರುಷ ಸ್ಥಳದಲ್ಲಿಲ್ಲದಾಗ: ‘ಪಾಪ, ಒಳ್ಳೆ ಮನ್ಸನೇ ಕಣಣ್ಣ, ಆದ್ರೆ…’ ‘ಆದ್ರೆ’ ಆದಮೇಲೆ ಏನು ಬೇಕಾದರೂ ಹೇಳಬಹುದು. ಮೊದಲೇ ಅಂದ ‘ಪಾಪ’ ನಿರೀಕ್ಷಣಾ ಜಾಮೀನು.

ಹುಡುಗರು ಇಂಗ್ಲಿಷನ್ನೇ ಎರವಲು ತಂದು ‘ಫೀಲ್ ಮಾಡ್ಕಬ್ಯಾಡ ಮಗಾ’ ಅನ್ನುತ್ತಾರೆ. ಇಲ್ಲಿ ಮರುಗಬೇಕಾದವನು ಮರುಗುವುದಿಲ್ಲ. ನೊಂದವನಿಗೂ ನೋಯಬೇಡವೆಂದು ನಿಷೇಧ ಹೇರುತ್ತಾನೆ. ಪಾಣಿನಿಗೆ ಇದು ಸಿಕ್ಕಿದ್ದರೆ ಇನ್ನೊಂದು ಸೂತ್ರ ಖರ್ಚಾಗುತ್ತಿತ್ತು.

ಸರ್ಕಾರಿ ಪ್ರಯೋಗ ಮಾತ್ರ ಶಿಸ್ತಿನದು. ಅನುಕಂಪದ ಆಧಾರದ ನೇಮಕಾತಿಗೆ 1996ರ ಕರ್ನಾಟಕ ಸಿವಿಲ್ ಸೇವಾ ನಿಯಮಗಳಿವೆ. ಸೇವೆಯಲ್ಲಿದ್ದಾಗ ತೀರಿಕೊಂಡ ನೌಕರನ ಮನೆಯವರು ಸಾಮಾನ್ಯವಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಈ ಕನಿಕರ ‘ಬರುವುದಿಲ್ಲ’, ‘ಮಂಜೂರಾಗುತ್ತದೆ’. ಅರಳಿಕಟ್ಟೆಯ ಕನಿಕರಕ್ಕೆ ಇಂಥ ಕಾಲಮಿತಿ ಇಲ್ಲ. ಯಾರದೋ ಹೋರಿ ಸತ್ತು ಎಷ್ಟೋ ವರ್ಷವಾದ ಮೇಲೂ ‘ಪಾಪ, ಒಳ್ಳೆ ಹೋರಿ’ ಎಂದು ಮಾತು ಶುರುವಾಗುತ್ತದೆ. ಅವನು ಅದಕ್ಕೆ ಎಷ್ಟು ಕೊಟ್ಟಿದ್ದ, ದಲ್ಲಾಳಿ ಎಷ್ಟು ಹೊಡೆದ ಎಂಬ ಜಗಳಕ್ಕೆ ಬಂದು ನಿಲ್ಲುತ್ತದೆ.