ಕುರ್ಚಿಯ ಗವಸಿಗೊಂದು ಬಾಗಿಲು

ವಿಜಯಪುರದ ಮನೆಯೊಂದರಲ್ಲಿ ಸಾಗವಾನಿ ಆರಾಮ ಕುರ್ಚಿಗೆ ಹೊಸ ಗವಸು ಹೊಲಿಸುವ ಮಾತು ಎದ್ದರೆ ಜಗಳ ಶುರುವಾಗುವುದು ಬಣ್ಣದಿಂದ. ಸೊಸೆಗೆ ಗೋಡೆಗೆ ಹೊಂದುವ ತಿಳಿಹಸಿರು ಬೇಕು, ಅತ್ತೆಗೆ ಹೊಲಸು ಕಾಣದ ಕಂದು ಬೇಕು, ದಿನವಿಡೀ ಅದರಲ್ಲೇ ಕೂಡುವ ಮಾವನವರಿಗೆ ತಮ್ಮನ್ನು ಎಬ್ಬಿಸದಿದ್ದರೆ ಸಾಕು. ಆಮೇಲೆ ಗಾಂಧಿ ಚೌಕದ ಸುತ್ತಿನ ಅರಿವೆ ಅಂಗಡಿಗಳಲ್ಲಿ ತಾನುಗಳನ್ನು ಬಿಚ್ಚಿಸಿ, ಮೀಟರಿಗೆ ಹತ್ತು ರೂಪಾಯಿ ಇಳಿಸಿ, ಗೆದ್ದೆವೆಂದುಕೊಂಡು ಮನೆಗೆ ಬರುತ್ತಾರೆ. ಇಷ್ಟರಲ್ಲಿ ಯಾರೂ ಕೇಳದೆ ಬಿಟ್ಟದ್ದು ಒಂದೇ: ಈ ಗವಸನ್ನು ಬಿಚ್ಚುವುದು ಎಲ್ಲಿಂದ? ಗವಸಿನ ಯೋಗ್ಯತೆಯೆಲ್ಲ ಅದರ ಬಾಯಿಯಲ್ಲಿದೆ ಎಂಬುದು ನನ್ನ ವಾದ. ಬಾಯಿ ಸರಿಯಿದ್ದರೆ ಯಾವ ಬಣ್ಣವಾದರೂ ನಡೆದೀತು. ಅದು ಕೆಟ್ಟರೆ ಕಿಂಖಾಬಿನದಾದರೂ ಧೂಳು ತುಂಬುವ ಚೀಲವೇ.

ಧೂಳಿಗೆ ನಮ್ಮಲ್ಲಿ ಬರವಿಲ್ಲ. ಸುತ್ತ ಎರೆ ಹೊಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮಧ್ಯಾಹ್ನದ ಸುಳಿಗಾಳಿ. ಟಿಕೋಟಾ ಕಡೆ ದ್ರಾಕ್ಷಿ ಕಡಿದು ಒಣದ್ರಾಕ್ಷಿ ಮಾಡುವ ಹೊತ್ತಿಗೆ ಹಣ್ಣಿಗಾದರೂ ಶೆಡ್ಡಿನಲ್ಲಿ ನೆರಳು-ಗಾಳಿ ಸಿಗುತ್ತದೆ, ಪಡಸಾಲೆಯ ಕುರ್ಚಿಗೆ ಆ ಭಾಗ್ಯವೂ ಇಲ್ಲ. ಇದರ ಮೇಲೆ ತಲೆಗೆ ಹಚ್ಚಿದ ಎಣ್ಣೆ ಬೆನ್ನದಿಂಬಿಗೆ, ಶೇಂಗಾ ಚಟ್ನಿಯ ಎಣ್ಣೆ ಕೂಡುವ ದಿಂಬಿಗೆ. ಇಂಥ ಗವಸು ಬಿಚ್ಚಲು ಬಾರದೆ ಹೋದರೆ ಮನೆಯವರು ಕಂಡುಕೊಳ್ಳುವ ಉಪಾಯ ಒಂದೇ: "ಅದಕ್ಕೇನಾಗ್ತದ, ಮ್ಯಾಲೊಂದು ಟವೆಲ್ ಹಾಕ್ರಿ." ಟವೆಲ್ಲು ಜಾರುತ್ತದೆಂದು ಪಿನ್ನು, ಪಿನ್ನು ಚುಚ್ಚುತ್ತದೆಂದು ಮೇಲೊಂದು ಹಳೆಯ ಚಾದರ. ಬೀಗರು ಬಂದ ದಿನ ಇದೆಲ್ಲ ಗಡಬಡಿಸಿ ಕಿತ್ತು ಒಳಕೋಣೆಗೆ ಹೋಗುತ್ತದೆ. ಅಂದರೆ ಆ ತಿಳಿಹಸಿರು ಬಣ್ಣವನ್ನು ವರ್ಷದಲ್ಲಿ ನಾಲ್ಕು ಸಲ ನೋಡುವವರು ಬೀಗರು, ದುಡ್ಡು ಕೊಟ್ಟವರು ನಾವು.

ನಮ್ಮ ಹಿರಿಯರಿಗೆ ಈ ಪೇಚು ಇರಲಿಲ್ಲ. ಕುರ್ಚಿಯ ಕಾಲಕ್ಕಿಂತ ಹಿಂದಿನಿಂದ ನಮ್ಮವಾಗಿದ್ದವು ಗಾದಿ, ಲೋಡು. ಅಡತಿ ಅಂಗಡಿಯ ಬಿಳಿ ಲೋಡನ್ನು ನೋಡಿ: ಎರಡೂ ತುದಿಗೆ ಲಾಡಿ, ಜಗ್ಗಿದರೆ ಗವಸು ಕೈಗೆ ಬಂತು. ಕೌದಿಯನ್ನು ಬಿಚ್ಚಲು ಬಾರದು ನಿಜ, ಆದರೆ ಅದನ್ನು ಇಡಿಯಾಗಿ ಒಗೆಯಬಹುದು. ಮಹಾನವಮಿ ಮುಂದೆ ಮನೆಯ ಹಾಸಿಗೆ-ಕೌದಿಯೆಲ್ಲ ನೀರಿಗೆ ಬೀಳುವ ಪದ್ಧತಿ ಬಬಲೇಶ್ವರದ ಕಡೆಯ ಹಳ್ಳಿಗಳಲ್ಲೂ ಉಂಟು, ಪಟ್ಟಣದಲ್ಲೂ ಉಂಟು. ಕುರ್ಚಿ ಬಂದದ್ದು ಆಮೇಲೆ. 1885ರಲ್ಲಿ ಜಿಲ್ಲೆಯ ಕೇಂದ್ರ ಕಲಾದಗಿಯಿಂದ ನಮ್ಮೂರಿಗೆ, ಅಂದರೆ ಆಗಿನ ಬಿಜಾಪುರಕ್ಕೆ ಬಂತು. ಬ್ರಿಟಿಷ್ ಸಾಹೇಬರ ಜೊತೆ ಸಾಹೇಬರ ಕುರ್ಚಿಯೂ ಬಂದಿರಬೇಕು. ಕುರ್ಚಿಯನ್ನು ನಾವು ಪ್ರೀತಿಯಿಂದ ಒಳಗೆ ಕರೆದುಕೊಂಡೆವು, ಲೋಡಿನ ಲಾಡಿಯನ್ನು ಮಾತ್ರ ಹೊಸ್ತಿಲಾಚೆ ಬಿಟ್ಟೆವು.

ಇನ್ನು ಹೊಲಿಗೆ. ಆರಾಮ ಕುರ್ಚಿಯ ಕೂಡುವ ಜಾಗ ಮುಂದೆ ಅಗಲ, ಹಿಂದೆ ಕಿರಿದು. ಮುಂದಿನ ಅಂಚನ್ನಷ್ಟೇ ಅಳೆದು ಬಂದವರಿಗೆ ಚೌಕ ದಿಂಬು ಸಿಗುತ್ತದೆ, ಅದು ಹಿಂಗಾಲಿನ ಹತ್ತಿರ ಮಡಚಿಕೊಂಡು ಕೂಡುತ್ತದೆ. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂಡಿಸಲು ಗೋಳಗುಮ್ಮಟದಲ್ಲಿ ಎಂಟು ಕಮಾನುಗಳನ್ನು ಒಂದಕ್ಕೊಂದು ಹಾಯಿಸಿದ ಊರು ಇದು. ನಮಗೆ ಬೇಕಾದದ್ದು ಹಳೆಯ ಪೇಪರಿನ ಮೇಲೆ ಕುರ್ಚಿಯ ಆಕಾರ ಬರೆದ ಒಂದು ನಮೂನೆ, ಅಷ್ಟೆ. ಮುಖ್ಯ ಮಾತು ಚೈನಿನದು. ಅದನ್ನು ಹಿಂದಿನ ಅಂಚಿನಷ್ಟೇ ಉದ್ದ ಇಟ್ಟರೆ ನಾಲ್ಕು ಇಂಚು ದಪ್ಪದ ಫೋಮು ಒಳಗೆ ಹೋಗುವಾಗ ಮನೆಮಂದಿಯನ್ನೆಲ್ಲ ಕರೆಯಬೇಕು. ಹೊರಗೆ ಬರುವಾಗ ಹೊಲಿಗೆಯನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಚೈನು ಎರಡೂ ಮೂಲೆ ತಿರುಗಿ ಪಕ್ಕಕ್ಕೆ ಮೂರು-ನಾಲ್ಕು ಇಂಚು ಹೋಗಬೇಕು. ಆಗ ದಿಂಬು ತಕರಾರಿಲ್ಲದೆ ಹೊರಬರುತ್ತದೆ.

ರೆಕ್ಸಿನ್ ಹಾಕಿದರೆ ಒರೆಸಿದರಾಯಿತಲ್ಲ ಎನ್ನುವವರಿದ್ದಾರೆ. ಮೇ ತಿಂಗಳಲ್ಲಿ ಬನಿಯನ್ ಮೇಲೆ ಅದರಲ್ಲಿ ಒರಗಿ, ಆಮೇಲೆ ಏಳುವ ಪ್ರಯತ್ನ ಮಾಡಿ ನೋಡಲಿ, ವಾದ ಅಲ್ಲಿಗೆ ಮುಗಿಯುತ್ತದೆ. ಗುಳೇದಗುಡ್ಡದ ಖಣ ಹಾಕಿದರೆ ಊರ ಅಂದ ಬಂದೀತು ಎನ್ನುವವರ ರುಚಿಯನ್ನು ಮೆಚ್ಚುತ್ತೇನೆ, ಒಪ್ಪುವುದಿಲ್ಲ. ಅದು ಕುಪ್ಪಸಕ್ಕೆಂದು ನೇಯ್ದ ನಯದ ಅರಿವೆ, ತೂಕದವರು ಏಳುತ್ತ ಕೂಡುತ್ತ ಇರುವ ಜಾಗಕ್ಕೆ ತಾಳದು. ಅಂಚಿಗೊಂದು ಪಟ್ಟಿ ಕೊಟ್ಟರೆ ಸಾಕು. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ನೀರಿನದು. ತುಬಚಿ–ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯನ್ನು ಮೇಲಕ್ಕೆತ್ತಿ ತರಬೇಕಾದ ನಾಡಿನಲ್ಲಿ ಗವಸು ಒಗೆಯುವ ಶೋಕಿ ಯಾಕೆ ಎಂದು ಕೇಳಿದರೆ ನಗುವಂತಿಲ್ಲ. ಆದರೆ ಲೆಕ್ಕ ನನ್ನ ಕಡೆಗೇ ಇದೆ. ಬಿಚ್ಚುವ ಗವಸು ಒಂದು ಬಕೆಟ್ಟಿನಲ್ಲಿ ಮುಗಿಯುತ್ತದೆ, ನೀರಿಲ್ಲದ ವಾರ ಕೊಡವಿ ಬಿಸಿಲಿಗೆ ಹಾಕಿದರೂ ನಡೆದೀತು. ಬಿಚ್ಚದ ದಿಂಬು ಮಾತ್ರ ಇಡೀ ಬಕೆಟ್ಟನ್ನೇ ಕುಡಿದು ಮೂರು ದಿನ ಒಣಗದೆ ನಾರುತ್ತದೆ. ಹೊಲಿಗೆಯ ಕೂಲಿಯಲ್ಲೇ ಸಿದ್ಧ ಗವಸು ಸಿಗುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಅವು ಚೌಕ, ನಮ್ಮ ಕುರ್ಚಿ ಅಲ್ಲ.

ಹಾಗಾಗಿ, ಹೊಲಿಸುವವರು ದಪ್ಪ ಹತ್ತಿ ಬಟ್ಟೆ ತನ್ನಿ. 54 ಇಂಚಿನ ಪನ್ನ ಇದ್ದರೆ ಇಪ್ಪತ್ತು ಇಂಚಿನ ಎರಡು ದಿಂಬಿಗೆ ಎರಡು ಮೀಟರಿನಲ್ಲಿ ತುಸು ಮಿಕ್ಕುತ್ತದೆ. ಕತ್ತರಿ ಹಾಕುವ ಮೊದಲೇ ನೀರಲ್ಲಿ ನೆನೆಸಿ ಒಣಗಿಸಿ, ಎಷ್ಟು ಕುಗ್ಗಬೇಕೋ ಅಷ್ಟು ಆಗಲೇ ಕುಗ್ಗಲಿ. ಪೇಪರಿನ ನಮೂನೆಯ ಮೇಲೆ ಚೈನಿನ ಗುರುತನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಮತ್ತು ಶ್ರಾವಣ ಮುಗಿಯುವ ಮೊದಲೇ ದರ್ಜಿಯ ಕೈಗೆ ಕೊಡಿ. ಮಹಾನವಮಿ ಹತ್ತಿರ ಬಂತೆಂದರೆ ಅವರ ಮಿಷನ್ನು ಕುಪ್ಪಸ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ.