ಕಾಲ ಮೇಲೆ ಕಾಲು ಹಾಕುವಂತಿಲ್ಲ

ನಿವೃತ್ತಿಯಾದ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂರಬೇಕೆಂಬುದು ನಮ್ಮ ಭಾವನವರ ಬಹುದಿನದ ಆಸೆ. ಸೊಂಟದ ಕೀಲು ಬದಲಾಯಿಸಿದ ಡಾಕ್ಟರು ಮೊಟ್ಟಮೊದಲು ಬೇಡವೆಂದದ್ದೇ ಅದನ್ನು. ಸೊಂಟ 90 ಡಿಗ್ರಿ ಮೀರಿ ಬಗ್ಗಬಾರದು, ನೆಲದ ಮೇಲೆ ಚಕ್ಕಲಮಕ್ಕಲ ಹಾಕಬಾರದು. ಆದರೆ ದಿನಾ ನಡೆಯಲೇಬೇಕು. ಕೂರಲು ಕಾದಿದ್ದವರಿಗೆ ನಡೆಯುವ ಶಿಕ್ಷೆ!

ಭಾವನವರು ವಾಕರ್ ಹಿಡಿದು ಹಾಲಿನಿಂದ ಅಡುಗೆಮನೆಗೆ ಹೊರಟರೆ ಸಾಕು, ಅಕ್ಕನ ಜೀವ ಬಾಯಿಗೆ ಬರುತ್ತದೆ.

"ರೀ, ನಿಧಾನ! ಕಳಚಿಗಿಳಚೀತು."

"ಕಳಚೋಕೆ ಇದೇನು ನಿನ್ನ ಕುಕ್ಕರಿನ ಹಿಡಿಯೇನೇ?"

ಬಾಯಲ್ಲಿ ಹೀಗಂದರೂ ಮುಂದಿನ ಹೆಜ್ಜೆ ಅರ್ಧಕ್ಕೆ ಇಳಿದಿರುತ್ತದೆ. ನೆಲಕ್ಕೆ ಬಿದ್ದ ಪೇಪರನ್ನು ಅವರು ಬಗ್ಗಿ ಎತ್ತುವಂತಿಲ್ಲ. ಮೊಮ್ಮಗ ಎತ್ತಿಕೊಡುತ್ತಾನೆ, ಸಲಕ್ಕೊಂದು ಚಾಕಲೇಟಿನ ದರದಲ್ಲಿ. ಪೇಪರು ಈಚೆಗೆ ಯಾಕೋ ಪದೇ ಪದೇ ಬೀಳುತ್ತಿದೆ.

ಧೈರ್ಯ ತುಂಬಲು ನಾನೂ ಒಂದಿಷ್ಟು ಕೊರೆದೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1962ರಲ್ಲೇ ಸ್ಟೀಲಿನ ಗುಂಡು, ಪ್ಲಾಸ್ಟಿಕ್ ಬಟ್ಟಲು ಜೋಡಿಸಿ ಈ ಕೀಲನ್ನು ಹದಕ್ಕೆ ತಂದರು ಎಂದೆ. ಭಾವ ಆಕಳಿಸಿದರು. ಟೆನಿಸಿನ ಆ್ಯಂಡಿ ಮರ್ರೆ 2019ರ ಜನವರಿಯಲ್ಲಿ ಸೊಂಟಕ್ಕೆ ಲೋಹದ ಟೊಪ್ಪಿ ಹಾಕಿಸಿಕೊಂಡು, ಅಕ್ಟೋಬರಿನಲ್ಲಿ ಆಂಟ್ವರ್ಪ್ ಟೂರ್ನಿಯನ್ನೇ ಗೆದ್ದ ಎಂದೆ. ಈಗ ಕಣ್ಣು ತೆರೆದರು.

"ಟೆನಿಸ್ ಬಿಡೋ. ಮದುವೆಮನೆ ಪಂಕ್ತೀಲಿ ನೆಲಕ್ಕೆ ಕೂತು, ಎಲೆಯಿಂದ ಸಾರು ಹರಿಯೋದರೊಳಗೆ ಉಂಡು, ಯಾರ ಕೈಯೂ ಹಿಡೀದೆ ಎದ್ದು ತೋರಿಸಲಿ ನೋಡೋಣ, ನಿನ್ನ ಮರ್ರೆ!"